ನಾನು ಅಡುಗೆಮನೆಗೆ ಹೋದಾಗಲೇ ಗೋಲು ಬೀಳುತ್ತೆ: ಎಂಟು ಜನ, ಒಂದು ಓಟಿಜಿ, ಏನು ಮಾಡಲಿ?

ಮೇಲ್ಮನೆ_ಗನ್ನರ್

ಇದನ್ನು ಅಡುಗೆ ವಿಭಾಗಕ್ಕೆ ಹಾಕಬೇಕೋ ಆಟದ ವಿಭಾಗಕ್ಕೆ ಹಾಕಬೇಕೋ ತಿಳಿಯಲಿಲ್ಲ. ಅಡುಗೆಯವರು ಬೇಗ ಉತ್ತರ ಕೊಡುತ್ತಾರೆ ಅಂತ ಇಲ್ಲಿ ಹಾಕಿದ್ದೇನೆ.

ನಮ್ಮದು ಹನುಮಂತನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ತಿಂಗಳಿಗೊಂದು ಶನಿವಾರ ಫುಟ್‌ಬಾಲ್ ನೋಡಲು ಎಲ್ಲರೂ ನಮ್ಮಲ್ಲಿಗೇ ಬರುತ್ತಾರೆ. ನಮ್ಮ ಟಿವಿ ಏನೂ ದೊಡ್ಡದಲ್ಲ. ಪಿಜ್ಜಾ ನಾನು ಮನೆಯಲ್ಲೇ ಮಾಡುತ್ತೇನೆ, ಅದಕ್ಕೇ ಬರುವುದು. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಮಾವ, ಮೈದುನ, ಓರಗಿತ್ತಿ, ನನ್ನ ಆಫೀಸಿನ ಇಬ್ಬರು. ಎಂಟು ಹೊಟ್ಟೆ, ಒಂದು ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್.

ಕಷ್ಟ ಏನಪ್ಪಾ ಅಂದರೆ, ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಗೋಲು ಬೀಳುತ್ತದೆ. ನಗಬೇಡಿ. 2022ರ ಡಿಸೆಂಬರ್ 18, ವಿಶ್ವಕಪ್ ಫೈನಲ್. ಮೆಸ್ಸಿ ಒಂದು, ಡಿ ಮರಿಯಾ ಒಂದು ಹೊಡೆದು ಅರ್ಜೆಂಟೀನಾ 2-0 ಮುಂದಿತ್ತು. ಎಪ್ಪತ್ತೆಂಟನೇ ನಿಮಿಷ. ಫ್ರಾನ್ಸ್ ಕಥೆ ಮುಗಿಯಿತು ಅಂದುಕೊಂಡು, ಮೂರನೇ ಪಿಜ್ಜಾ ತೆಗೆಯಲು ಎದ್ದೆ. ಓವನ್ ಬಾಗಿಲು ತೆಗೆದೆ, ಪಿಜ್ಜಾ ಮಣೆ ಮೇಲೆ ಜಾರಿಸಿದೆ, ಎಂಟು ತುಂಡು ಮಾಡಿದೆ. ತಟ್ಟೆ ಹಿಡಿದು ಹಾಲಿಗೆ ಬಂದರೆ 2-2! ಫ್ರಾನ್ಸಿನ ಎಂಬಾಪೆ 97 ಸೆಕೆಂಡಿನೊಳಗೆ ಎರಡು ಗೋಲು ಹೊಡೆದಿದ್ದ. ಎಲ್ಲರೂ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ಪಿಜ್ಜಾ ಕಡೆ ಯಾರೂ ತಿರುಗಿ ನೋಡಲಿಲ್ಲ. ಮಾವ ಒಬ್ಬರೇ ಒಂದು ತುಂಡು ತೆಗೆದುಕೊಂಡು, "ಏನಾಯ್ತು ಇವರಿಗೆ?" ಅಂತ ನನ್ನನ್ನೇ ಕೇಳಿದರು.

ಆಮೇಲೂ ಹೀಗೇ ನಡೆದಿದೆ. ನಾನು ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಕಡೆಯವಳು. 2003-04ರಲ್ಲಿ 38 ಮ್ಯಾಚಿನಲ್ಲಿ ಒಂದನ್ನೂ ಸೋಲದೆ ಲೀಗ್ ಗೆದ್ದರಲ್ಲ, ಆಗ ಹಾಸ್ಟೆಲಿನ ಟಿವಿ ರೂಮಿನಲ್ಲಿ ಹಿಡಿದ ಹುಚ್ಚು. ಮನೆಯಲ್ಲಿ ಈ ಹುಚ್ಚು ಮೊದಲು ಇದ್ದದ್ದು ನನಗೆ. ಗಂಡನಿಗೆ ಹತ್ತಿಸಿದ್ದೂ ನಾನೇ. ಈಗ ಅವರು ಸೋಫಾದಲ್ಲಿ, ನಾನು ಒಲೆ ಮುಂದೆ.

ಇನ್ನೊಂದು ಹಿಂಸೆ ಇದೆ. ನಾವು ನೋಡುವುದು ಇಂಟರ್ನೆಟ್ ಆ್ಯಪಿನಲ್ಲಿ. ಕೆಳಗೆ ಓನರ್ ಮನೆಯಲ್ಲಿ ಡಿಶ್. ಅವರ ಮಗನೂ ಮ್ಯಾಚ್ ನೋಡುತ್ತಾನೆ. ನಮಗಿಂತ ಅರ್ಧ ನಿಮಿಷ ಮೊದಲೇ ಅವನಿಗೆ ಗೋಲು ಕಾಣುತ್ತದೆ. ನಮ್ಮಲ್ಲಿ ಇನ್ನೂ ಥ್ರೋ ಹಾಕುತ್ತಿರುತ್ತಾರೆ, ಕೆಳಗಿನಿಂದ "ಗೋಲ್!" ಅಂತ ಕೂಗು ಬರುತ್ತದೆ. ಮಜಾ ಎಲ್ಲಾ ಹೋಯಿತು.

ಈಗ ನಾನು ಮಾಡುವುದು ಹೀಗೆ: ಸಂಜೆ ಐದಕ್ಕೆ ಅರ್ಧ ಕೆಜಿ ಮೈದಾ ಕಲಸುತ್ತೇನೆ, ಏಳಕ್ಕೆ ಉಬ್ಬಿರುತ್ತದೆ. ಹತ್ತಿಂಚಿನ ದುಂಡನೆ ಪಿಜ್ಜಾ ನಾಲ್ಕು. ಓಟಿಜಿಯಲ್ಲಿ ಸಲಕ್ಕೆ ಒಂದೇ ಹಿಡಿಯುವುದು, ಒಂದಕ್ಕೆ ಹನ್ನೆರಡು ಹದಿಮೂರು ನಿಮಿಷ. ಲೆಕ್ಕ ಹಾಕಿ, ಮೊದಲ ಅರ್ಧ ಪೂರ್ತಿ ನಾನು ಅಡುಗೆಮನೆಯಲ್ಲೇ. ಇಷ್ಟಾದರೂ ನಡುಭಾಗ ಹಸಿ ಹಸಿ, ಎತ್ತಿದರೆ ಬಗ್ಗುತ್ತದೆ, ಟೊಮ್ಯಾಟೊ ನೀರು ಕೈಗೆ ಸೋರುತ್ತದೆ. ಸಾಲದ್ದಕ್ಕೆ ಶನಿವಾರ ಮಾವ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ.

ಮುಂದಿನ ಶನಿವಾರ ರಾತ್ರಿ 8:30ಕ್ಕೆ ಮ್ಯಾಚು. ಪೂರ್ತಿ ತೊಂಬತ್ತು ನಿಮಿಷ ಕೂತು ನೋಡಬೇಕು ಅಂತ ಆಸೆ. ದಾರಿ ಹೇಳಿ. "ಹೋಟೆಲಿಂದ ತರಿಸಿ" ಅಂತ ಮಾತ್ರ ಹೇಳಬೇಡಿ.

ಸುಮ್ನೆ_ಓದುಗ

ಹೋಟೆಲಿಂದ ತರಿಸಿ.

ಸರಿ ಸರಿ, ಬೈಯಬೇಡಿ. ಮೊಬೈಲಿನಲ್ಲಿ ಮ್ಯಾಚ್ ಹಾಕಿಕೊಂಡು ಅಡುಗೆಮನೆಯಲ್ಲೇ ನೋಡಬಹುದಲ್ವಾ?

ಮೇಲ್ಮನೆ_ಗನ್ನರ್

ನೋಡಿ ಆಗಿದೆ. ಮೊಬೈಲು ನಮ್ಮ ಟಿವಿಗಿಂತ ಇನ್ನೂ ಹಿಂದೆ ಓಡುತ್ತೆ. ಒಂದೇ ಗೋಲಿಗೆ ಕೆಳಗಿನ ಮನೆಯಲ್ಲಿ ಒಮ್ಮೆ, ಹಾಲಿನಲ್ಲಿ ಒಮ್ಮೆ ಕೂಗಾಟ. ಮೂರನೆಯದಾಗಿ ನನಗೆ ದರ್ಶನ. ಮೇಲಾಗಿ ಸ್ಕ್ರೀನ್ ತುಂಬಾ ಮೈದಾ.

ಪವರ್_ಪ್ಲಗ್

ಮೇಡಂ, ಮೊದಲು ದುಂಡನೆ ಪಿಜ್ಜಾ ಬಿಡಿ. ನೇಪಲ್ಸಿನಲ್ಲಿ ಕಟ್ಟಿಗೆ ಒಲೆ 430ರಿಂದ 480 ಡಿಗ್ರಿ ಕಾದಿರುತ್ತದೆ. ಅಲ್ಲಿ ಪಿಜ್ಜಾ ಒಳಗೆ ಹೋಗಿ 60ರಿಂದ 90 ಸೆಕೆಂಡಿಗೆ ಹೊರಗೆ. ಅಲ್ಲಿನ ಅಡುಗೆಯವನು ತಪ್ಪಿಸಿಕೊಂಡರೆ ಒಂದು ಕಾರ್ನರ್ ಕಿಕ್ ತಪ್ಪಿಸಿಕೊಂಡಾನು. ನಮ್ಮ ಓಟಿಜಿ ಹೆಚ್ಚೆಂದರೆ 250. ಅವರ ಪಿಜ್ಜಾ ನಮ್ಮಲ್ಲಿ ಆಗದು. ನಮಗೆ ಒಗ್ಗುವುದು ದಪ್ಪ ತಳದ ಟ್ರೇ ಪಿಜ್ಜಾ. ಓಟಿಜಿ ಜೊತೆ ಬಂದಿರುವ ಆಯತದ ಟ್ರೇ ಇದೆಯಲ್ಲ, ಅದರಲ್ಲೇ. ಒಂದು ಟ್ರೇ ನಾಲ್ಕು ಜನಕ್ಕೆ ಧಾರಾಳ. ಹಾಗಾಗಿ ನಾಲ್ಕು ಸಲದ ಬದಲು ಎರಡೇ ಸಲ.

ಕಲಸುವುದು ಶುಕ್ರವಾರ ರಾತ್ರಿ. ಮೈದಾ 500 ಗ್ರಾಂ, ನೀರು 310 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 2 ಗ್ರಾಂ, ಒಂದು ಚಮಚ ಎಣ್ಣೆ. ನೀರನ್ನೂ ತೂಗಿಯೇ ಹಾಕಿ, ಲೋಟದ ಅಳತೆ ಬೇಡ. ಯೀಸ್ಟ್ ಇಷ್ಟು ಕಡಿಮೆಯಾ ಅಂತ ಹೆದರಬೇಡಿ, ರಾತ್ರಿಯಿಡೀ ಅದಕ್ಕೆ ಟೈಮ್ ಇದೆ. ಈಗ ಬೆಂಗಳೂರಿನಲ್ಲಿ ಚಳಿ. ಇಡ್ಲಿ ಹಿಟ್ಟೇ ಹುಳಿ ಬರಲು ಒದ್ದಾಡುತ್ತಿದೆ. ಅದಕ್ಕೇ ಕಲಸಿದ ಮೇಲೆ ಎರಡು ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ. ನಿಧಾನವಾಗಿ ಹುದುಗಿದ ಹಿಟ್ಟಿಗೆ ರುಚಿಯೂ ಜಾಸ್ತಿ, ಹಿಗ್ಗಿಸಿದರೆ ವಾಪಸ್ ಕುಗ್ಗುವುದೂ ಇಲ್ಲ.

ಶನಿವಾರ ಐದೂವರೆಗೆ ಹೊರಗೆ ತೆಗೆದು ಎರಡು ಭಾಗ ಮಾಡಿ. ಆರೂವರೆಗೆ ಎಣ್ಣೆ ಸವರಿದ ಟ್ರೇಯಲ್ಲಿ ಬೆರಳಿನಿಂದ ಹರಡಿ. ಲಟ್ಟಣಿಗೆ ಬೇಡವೇ ಬೇಡ, ಒಳಗಿನ ಗಾಳಿ ಹೋಗುತ್ತದೆ. ಏಳು ಗಂಟೆಗೆ ಓಟಿಜಿ 250ಕ್ಕೆ ಇಡಿ, ಮೇಲಿನ ರಾಡು ಕೆಳಗಿನ ರಾಡು ಎರಡೂ ಆನ್. ಅದು ನಿಜವಾಗಿ ಕಾಯಲು ಅರ್ಧ ಗಂಟೆ ಬೇಕು. ದೀಪ ಆರಿದ ತಕ್ಷಣ ಕಾದಿದೆ ಅಂತ ನಂಬಬೇಡಿ.

ಗುಟ್ಟು ಇರುವುದು ಮುಂದೆ. ಏಳೂವರೆಗೆ ತೆಳ್ಳಗೆ ಸಾಸ್ ಮಾತ್ರ ಸವರಿ, ಚೀಸ್ ಹಾಕದೆ, ಒಂದೊಂದನ್ನೂ ಏಳು ನಿಮಿಷ ಅರೆಬೇಯಿಸಿ. ತೆಗೆದು ಜಾಲರಿ ಮೇಲೆ ಆರಲು ಬಿಡಿ. ಟ್ರೇಯಲ್ಲೇ ಬಿಟ್ಟರೆ ಬೆವರಿ ತಳ ಮತ್ತೆ ಒದ್ದೆಯಾಗುತ್ತದೆ. ನಿಮ್ಮ ನಡುಭಾಗದ ಹಸಿ ಇಲ್ಲಿಗೇ ಅರ್ಧ ವಾಸಿ. ಎಂಟು ದಾಟಿದ ಮೇಲೆ ಮೊದಲನೆಯದಕ್ಕೆ ಚೀಸ್, ತರಕಾರಿ ಹಾಕಿ ಎಂಟು ನಿಮಿಷ ಇಡಿ. ಮ್ಯಾಚ್ ಶುರುವಾಗುವ ಹೊತ್ತಿಗೆ ಎಲ್ಲರ ಕೈಯಲ್ಲೂ ತುಂಡು ಇರುತ್ತದೆ.

ಎರಡನೆಯದು ಹಾಫ್ ಟೈಮಿಗೆ. ಹದಿನೈದನೇ ನಿಮಿಷಕ್ಕೆ ಮಗಳನ್ನು ಕಳಿಸಿ ಸ್ವಿಚ್ ಹಾಕಿಸಿ. ವಿಸಿಲ್ ಊದಿದ ಮೇಲೆ ನೀವು ಎದ್ದರೆ ಸಾಕು. ಚೀಸ್ ಉದುರಿಸಿ ಒಳಗಿಡಿ, ಎಂಟು ನಿಮಿಷ. ಕತ್ತರಿಯಿಂದ ಕತ್ತರಿಸಿ. ಹದಿನೈದು ನಿಮಿಷದ ಬಿಡುವಿನಲ್ಲಿ ಇನ್ನೂ ಎರಡು ನಿಮಿಷ ಉಳಿಯುತ್ತದೆ.

ಹಳೇ ಮನೆಯಾದರೆ ಒಂದು ಎಚ್ಚರಿಕೆ. ಓಟಿಜಿಯನ್ನು 16 ಆಂಪ್ ಪ್ಲಗ್ಗಿಗೇ ಹಾಕಿ. ಗೀಸರ್ ಜೊತೆಗೆ ಹಾಕಬೇಡಿ, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಟಿವಿ, ವೈಫೈ ಎರಡೂ ಯುಪಿಎಸ್ ಮೇಲೆ ಇರಲಿ. ಓಟಿಜಿಯ ಭಾರವನ್ನು ಮನೆಯ ಯುಪಿಎಸ್ ಹೊರುವುದಿಲ್ಲ.

ಹೆಂಚಿನ_ಮೇಲೆ

ಪವರ್ ಪ್ಲಗ್ ಅವರು ಪರೀಕ್ಷೆ ಟೈಮ್‌ಟೇಬಲ್ ಬರೆದ ಹಾಗೆ ಬರೆದಿದ್ದಾರೆ. ಚೆನ್ನಾಗಿದೆ. ಆದರೆ ಅವರ ಉಪಾಯ ಎಲ್ಲಾ ಕರೆಂಟ್ ಮೇಲೆ ನಿಂತಿದೆ ಕಣಮ್ಮ.

ನನಗೆ ಅರವತ್ತೇಳು. ಫುಟ್‌ಬಾಲ್ ತಿಳಿಯದು. ಮೊಮ್ಮಕ್ಕಳಿಗೆ ಪಿಜ್ಜಾ ಮಾಡುವುದು ನಾನೇ, ಅದೂ ಕಬ್ಬಿಣದ ದೋಸೆ ಹೆಂಚಿನ ಮೇಲೆ. ಓವನ್ ಇಲ್ಲ. ನಮ್ಮ ಅಂಗಡಿ ಮೈದಾಕ್ಕೆ ಬ್ರೆಡ್ ಹಿಟ್ಟಿನಷ್ಟು ಕಸುವಿಲ್ಲ. ಅದಕ್ಕೆ ಒಂದು ಹಿಡಿ ಚಿರೋಟಿ ರವೆ ಸೇರಿಸುತ್ತೇನೆ. ಹೋಳಿಗೆ ಕಣಕ ನಾದಿ ಗೊತ್ತಿರುವ ಕೈಗೆ ಈ ಹಿಟ್ಟು ಯಾವ ಲೆಕ್ಕ? ಕಣಕಕ್ಕಿಂತ ಸ್ವಲ್ಪ ಗಟ್ಟಿ ಇರಲಿ, ಅಷ್ಟೆ. ತಟ್ಟಿ, ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ಮಗ್ಗುಲು ಬೇಯಿಸಿ ತಿರುವಿ ಹಾಕು. ಬೆಂದ ಮಗ್ಗುಲಿನ ಮೇಲೆ ಸಾಸು, ಚೀಸು. ಮುಚ್ಚಳ ಮುಚ್ಚಿ ನಾಲ್ಕೈದು ನಿಮಿಷ. ಮೇಲೆ ಕೆಂಪು ಚುಕ್ಕೆ ಬರುವುದಿಲ್ಲ, ನಿಜ. ತಳ ಮಾತ್ರ ಗರಿಗರಿ.

ನೀರು ಸೋರುತ್ತದೆ ಅಂದೆಯಲ್ಲ, ಅದು ಟೊಮ್ಯಾಟೊ ಕೆಲಸ. ನಾಟಿ ಟೊಮ್ಯಾಟೊ ಹುಳಿ ಜಾಸ್ತಿ, ನೀರೂ ಜಾಸ್ತಿ. ಸಾರಿಗೆ ಸರಿ, ಇದಕ್ಕೆ ಬೇಡ. ಗಾಂಧಿ ಬಜಾರಿನಲ್ಲಿ ಉದ್ದನೆಯ, ತಿರುಳು ಗಟ್ಟಿ ಇರುವ ಹಣ್ಣು ಆರಿಸು. ಬೀಜ ತೆಗೆದು ತುರಿದು, ಚಿಟಿಕೆ ಉಪ್ಪು ಹಾಕಿ ಜರಡಿಯಲ್ಲಿ ಅರ್ಧ ಗಂಟೆ ಬಿಡು. ಇಳಿದ ನೀರನ್ನು ಚೆಲ್ಲಬೇಡ, ಮಾರನೇ ದಿನದ ಸಾರಿಗೆ ಆಯಿತು. ದಪ್ಪ ಮೆಣಸಿನಕಾಯಿ, ಅಣಬೆ ಏನೇ ಇರಲಿ, ಮೊದಲು ಬಾಣಲೆಯಲ್ಲಿ ಬಾಡಿಸಿ ನೀರು ಹಾರಿಸಿಯೇ ಹಾಕಬೇಕು.

ಚೀಸಿನ ಡಬ್ಬಿ ಮೇಲೆ ಮೊಝರೆಲ್ಲಾ ಅಂತ ಇದೆಯಾ ನೋಡು. ಮಕ್ಕಳ ಡಬ್ಬಿಗೆ ಹಾಕುವ ಕ್ಯೂಬ್ ಚೀಸು ಕರಗುತ್ತೆ, ಎಳೆ ಬರಲ್ಲ.

ನಿಮ್ಮ ಮಾವನಿಗೆ ಬೆಳ್ಳುಳ್ಳಿ ಬದಲು ಚಿಟಿಕೆ ಇಂಗು, ಪುಡಿ ಮಾಡಿದ ಕಾಳುಮೆಣಸು. ಒರೆಗಾನೋ ಪೊಟ್ಟಣ ಯಾಕೆ? ಮನೆ ಮುಂದಿನ ಕುಂಡದಲ್ಲಿ ದೊಡ್ಡಪತ್ರೆ ಇದೆಯಾ ನೋಡು. ಮೂರು ಎಲೆ ಸಣ್ಣಗೆ ಹೆಚ್ಚಿ ಸಾಸಿಗೆ ಹಾಕು, ಹೆಚ್ಚು ಕಡಿಮೆ ಅದೇ ಘಮ. ಮೂರಕ್ಕಿಂತ ಜಾಸ್ತಿ ಹಾಕಿದರೆ ಮಾತ್ರ ಕಷಾಯ ಆಗುತ್ತದೆ.

ಇನ್ನೊಂದು ಮಾತು. ಎಂಟು ಜನರಲ್ಲಿ ಏಳು ಜನ ಸೋಫಾ ಬಿಟ್ಟು ಏಳದಿದ್ದರೆ ಅದಕ್ಕೆ ಯಾವ ಓವನ್ನೂ ಏನೂ ಮಾಡಲಾರದು.

ಹಲಸೂರು_ವಿಂಗರ್

ಅಕ್ಕಾ, ಅಡುಗೆ ಬಗ್ಗೆ ಅಮ್ಮ ಹೇಳಿದ ಮೇಲೆ ನಾನೇನು ಹೇಳಲಿ. ನಿಮ್ಮ ನೋವು ಮಾತ್ರ ನನಗೆ ಗೊತ್ತು. 2019ರ ಮಾರ್ಚ್, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ನಮ್ಮ ಬೆಂಗಳೂರು ಎಫ್‌ಸಿ ಎದುರು ಗೋವಾ. ತೊಂಬತ್ತು ನಿಮಿಷ ಆಯಿತು, 0-0. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂತು. ಹೇಗೂ ಪೆನಾಲ್ಟಿ ಶೂಟೌಟ್ ಅಂತ ನಾನು ಪರೋಟ ಕಟ್ಟಿಸಲು ಬೀದಿ ತುದಿಗೆ ಹೋದೆ. ಕಾರ್ನರಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. ನಮ್ಮ ಊರಿನ ಮೊದಲ ಐಎಸ್‌ಎಲ್ ಕಪ್ಪು, ನಾನು ಪರೋಟ ಹಂಚಿನ ಮುಂದೆ! ಇವತ್ತಿಗೂ ಗೆಳೆಯರು ನನ್ನನ್ನು "ಪರೋಟ" ಅಂತಲೇ ಕರೆಯುವುದು.

ನಾನು ಗೌತಮಪುರದ ಹುಡುಗ. ನಮ್ಮಲ್ಲಿ ಬೀದಿಯಲ್ಲಿ ಬ್ರೆಜಿಲ್ಲಿನ ಆಟಗಾರ ಪೆಲೆ ಪ್ರತಿಮೆ ಇದೆ, ಬಂದು ನೋಡಿ. ವಿಶ್ವಕಪ್ ಬಂದರೆ ಬೀದಿಗೇ ಪರದೆ ಕಟ್ಟುತ್ತೇವೆ. ಅಲ್ಲಿ ಒಂದು ನಿಯಮ. ಊಟ ಮ್ಯಾಚಿಗೆ ಮೊದಲು, ಇಲ್ಲವೇ ಮುಗಿದ ಮೇಲೆ. ನಡುವೆ ಕಡಲೆಕಾಯಿ ಮಾತ್ರ. ತಾತ ಹೇಳುತ್ತಿದ್ದರು, ಬೆಂಗಳೂರಿನವರಿಗೆ ಫುಟ್‌ಬಾಲ್ ಟಿವಿಯಿಂದ ಬಂದದ್ದಲ್ಲ ಅಂತ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ರಾಮನ್ ನಮ್ಮ ಊರಿನವರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಇದನ್ನೆಲ್ಲಾ ನಿಮ್ಮ ಮಗಳಿಗೆ ಹಾಫ್ ಟೈಮಿನಲ್ಲಿ ಹೇಳಿ.

ಶನಿವಾರ 8:30ರ ಮ್ಯಾಚು ಅಂದಿರಿ. ಅಂದರೆ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಮೂರು. ಮಜಾ ಗೊತ್ತಾ? ಶನಿವಾರ ಮೂರರ ಮ್ಯಾಚನ್ನು ಅಲ್ಲಿನ ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ. ಜನ ಮನೆಯಲ್ಲೇ ಕೂತುಬಿಟ್ಟರೆ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿ ಹೊಡೆಯುತ್ತದೆ ಅಂತ ಹಳೇ ಕಟ್ಟಳೆ. ಲಂಡನ್ನಿನಲ್ಲಿ ಟಿಕೆಟ್ ಸಿಗದವನು ನೋಡಲಾಗದ ಮ್ಯಾಚನ್ನು ನೀವು ಹನುಮಂತನಗರದಲ್ಲಿ ನೋಡುತ್ತೀರಿ. ಅಂಥದ್ದನ್ನು ಚೀಸ್ ಕರಗಿತಾ ಅಂತ ನೋಡುತ್ತಾ ಕಳೆಯುವುದಾ?

ಈಗ ನನ್ನ ಉಪಾಯ. ಕೆಳಗಿನ ಮನೆ ಹುಡುಗ ಅರ್ಧ ನಿಮಿಷ ಮೊದಲೇ ಕೂಗುತ್ತಾನೆ ಅಂತ ಅಳುತ್ತಿದ್ದೀರಲ್ಲ, ಅದು ವರ ಅಕ್ಕಾ! ಹಾಲಿನಲ್ಲಿ ಕೂತವರಿಗೆ ಅದು ಕಾಟ. ಅಡುಗೆಮನೆಯಲ್ಲಿ ಇರುವವರಿಗೆ ಅಲಾರಂ. ಅವನು ಕೂಗಿದ ತಕ್ಷಣ ಸೌಟು ಬಿಸಾಕಿ ಹಾಲಿಗೆ ಓಡಿ. ಗೋಲು ಬೀಳುವುದಕ್ಕೆ ಮೊದಲೇ ಟಿವಿ ಮುಂದೆ ಇರುತ್ತೀರಿ.

ಮೇಲ್ಮನೆ_ಗನ್ನರ್

ವಿಂಗರ್, ಇಷ್ಟು ದಿನ ಇದು ನನಗೆ ಹೊಳೆಯಲೇ ಇಲ್ಲವಲ್ಲಪ್ಪಾ! ಅಡುಗೆಮನೆ ಕಿಟಕಿ ಸರಿಯಾಗಿ ಅವರ ಹಾಲಿನ ಮೇಲೇ ಇದೆ.

ಅಮ್ಮಾ, ದೊಡ್ಡಪತ್ರೆ ತುಳಸಿ ಕುಂಡದ ಪಕ್ಕದಲ್ಲೇ ಇದೆ. ನಿಮ್ಮ ಕೊನೆಯ ಮಾತನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯ ಗ್ರೂಪಿಗೆ ಹಾಕಿದೆ. ಮೈದುನ ನಗುವ ಮುಖ ಕಳಿಸಿದ. ಎದ್ದು ಬರುತ್ತೇನೆ ಅಂತ ಹೇಳಲಿಲ್ಲ.

ಶನಿವಾರ ಆದ ಮೇಲೆ ಬಂದು ಬರೆಯುತ್ತೇನೆ.

ಮೇಲ್ಮನೆ_ಗನ್ನರ್ (ಎಂಟು ದಿನ ಬಿಟ್ಟು)

ಹೇಳಿದಂತೆ ಬಂದಿದ್ದೇನೆ.

ಶುಕ್ರವಾರ ರಾತ್ರಿ ಪವರ್ ಪ್ಲಗ್ ಅವರ ಅಳತೆಗೆ ಕಲಸಿದೆ, ಅಮ್ಮ ಹೇಳಿದ ಚಿರೋಟಿ ರವೆಯನ್ನೂ ಸೇರಿಸಿ. ಶನಿವಾರ ಸಂಜೆ ಡಬ್ಬಿ ಮುಚ್ಚಳ ತೆಗೆದರೆ ಹಿಟ್ಟು ಗುಳ್ಳೆ ಗುಳ್ಳೆಯಾಗಿ ಕೂತಿತ್ತು. ಹರಡಿದ ಕಡೆ ಹರಡಿಕೊಂಡಿತು. ಮೊದಲ ಟ್ರೇ ಎಂಟೂ ಇಪ್ಪತ್ತಕ್ಕೆ ಹೊರಗೆ. ತಳ ಕಂದು, ನಡುಭಾಗ ಬೆಂದಿದೆ, ಎತ್ತಿದರೆ ಬಗ್ಗಲಿಲ್ಲ. ಓರಗಿತ್ತಿ "ಇದು ಅಂಗಡೀದಾ?" ಅಂದಳು. ಹೊಗಳಿಕೆ ಅಂತ ಇಟ್ಟುಕೊಂಡಿದ್ದೇನೆ.

ಮ್ಯಾಚು ಶುರುವಾದಾಗ ನಾನು ಸೋಫಾದಲ್ಲಿದ್ದೆ. ಎಷ್ಟು ತಿಂಗಳಾಗಿತ್ತೋ.

ಮೂವತ್ತನೇ ನಿಮಿಷದ ಹೊತ್ತಿಗೆ ಕರೆಂಟ್ ಹೋಯಿತು. ಟಿವಿ, ವೈಫೈ ಯುಪಿಎಸ್ ಮೇಲೆ ಓಡಿದವು. ಓಟಿಜಿ ಸತ್ತಿತು. ಎರಡನೇ ತಳ ಅರೆಬೆಂದು ಜಾಲರಿ ಮೇಲೆ ಕೂತಿದೆ. ಹಾಫ್ ಟೈಮ್ ಆದರೂ ಕರೆಂಟ್ ಇಲ್ಲ. ಅಮ್ಮ ಕರೆಂಟ್ ಬಗ್ಗೆ ಹೇಳಿದ್ದು ಆಗ ನೆನಪಾಯಿತು. ತಳವನ್ನು ಕತ್ತರಿಯಿಂದ ಎರಡು ಹೋಳು ಮಾಡಿ, ದೋಸೆ ಹೆಂಚು ಗ್ಯಾಸ್ ಮೇಲೆ ಇಟ್ಟೆ. ಒಂದು ಹೋಳಿಗೆ ಚೀಸು ಹಾಕಿ ಮುಚ್ಚಿದೆ. ಒಂದೊಂದಕ್ಕೂ ಆರೇಳು ನಿಮಿಷ ಹಿಡಿಯುತ್ತದೆ ಅಂತ ಆಗ ಗೊತ್ತಾಯಿತು. ಲೆಕ್ಕ ಕೆಟ್ಟಿತು. ಎರಡನೇ ಅರ್ಧ ಶುರುವಾಗಿಯೇಬಿಟ್ಟಿತು.

ಇರಲಿ, ಅಲಾರಂ ಇದೆಯಲ್ಲ ಅಂತ ಕಿಟಕಿ ತೆಗೆದಿಟ್ಟೆ. ಎರಡೇ ನಿಮಿಷ, ಕೆಳಗಿನಿಂದ ದೊಡ್ಡ ಕೂಗು! ಹಿಟ್ಟಿನ ಕೈಯಲ್ಲೇ ಓಡಿದೆ. ಟಿವಿಯಲ್ಲಿ ಗೋಲ್‌ಕೀಪರ್ ಚೆಂಡು ಹಿಡಿದು ನಿಂತಿದ್ದಾನೆ. ಅರ್ಧ ನಿಮಿಷ ಕಾದೆ, ಒಂದು ನಿಮಿಷ ಕಾದೆ. ಏನೂ ಇಲ್ಲ. ವಾಪಸ್ ಹೋದೆ. ಮತ್ತೆ ಕೂಗು, ಮತ್ತೆ ಓಟ, ಮತ್ತೆ ಏನಿಲ್ಲ. ಎರಡನೇ ಸಲ ಹಾಲಿನ ಬಾಲ್ಕನಿಯಿಂದ ಬಗ್ಗಿ ಕೇಳಿದೆ, "ಏನೋ ಅದು?" ಅಂತ. "ವಿಕೆಟ್ ಆಂಟೀ!" ಅಂದ. ಅವನು ಅವತ್ತು ಕ್ರಿಕೆಟ್ ಹಾಕಿಕೊಂಡಿದ್ದಾನೆ. ವಿಂಗರ್, ನಿಮ್ಮ ವರ ಹೀಗಾಯಿತು ನೋಡಿ.

ನಾನು ಒಳಗೆ ಬಂದರೆ ಹೆಂಚಿನ ಮುಂದೆ ಮಾವ ನಿಂತಿದ್ದಾರೆ. ಕೈಯಲ್ಲಿ ದೋಸೆ ಮಗುಚುವ ಕೈ. "ನೀನು ಆ ಕಡೆ ಈ ಕಡೆ ಓಡಾಡಬೇಡ, ಹೋಗಿ ಕೂತ್ಕೋ. ನನಗೇನು ಆ ಚೆಂಡು ಬೇಕಾಗಿಲ್ಲ" ಅಂದರು. ಭಾನುವಾರದ ದೋಸೆ ನಮ್ಮ ಮನೆಯಲ್ಲಿ ಯಾವತ್ತೂ ಅವರದೇ ಕೈ. ಹೆಂಚಿನ ಹದ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದರು, ಹಬೆ ಹೋಗುತ್ತೆ ಅಂದರೂ ಕೇಳಲಿಲ್ಲ. ನಾನು ಹೋಗಿ ಕೂತೆ.

ಆಮೇಲೆ ಗೋಲು ಬಿತ್ತು. ನೋಡಿದೆ! ಬಲಗಡೆಯಿಂದ ಪಾಸು ಬಂದದ್ದು, ಡಿಫೆಂಡರ್ ಜಾರಿದ್ದು, ಎಲ್ಲಾ ಮೊದಲಿಂದ ಕೊನೆವರೆಗೆ. ಕೂಗಿ ಗಂಟಲು ಹೋಯಿತು. ಗಲಾಟೆ ಕೇಳಿ ಮಾವ ಮಗುಚುವ ಕೈ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಕರೆಂಟ್ ಬಂತಾ?" ಅಂತ ಕೇಳಿದರು.

ಅವರ ಹೋಳು ಅಂಚಿನಲ್ಲಿ ಸ್ವಲ್ಪ ಸೀದಿತ್ತು. ಅದನ್ನು ಅವರೇ ತಿಂದರು. ಇಂಗು, ದೊಡ್ಡಪತ್ರೆ ಹಿಡಿಸಿದೆ, ಇನ್ನು ಶನಿವಾರ ಅಲ್ಲದ ದಿನವೂ ಹೀಗೇ ಮಾಡು ಅಂದರು. ಗಂಡ, ಮೈದುನ ಇಬ್ಬರೂ ಕೊನೆಗೂ ಎದ್ದರು, ತಟ್ಟೆ ತೊಳೆಯಲು. ಅದೂ ಮ್ಯಾಚ್ ಮುಗಿದ ಮೇಲೆ.

ಪವರ್ ಪ್ಲಗ್ ಅವರೇ, ಕರೆಂಟ್ ಬಂದದ್ದು ರಾತ್ರಿ ಹನ್ನೊಂದಕ್ಕೆ. ಓಟಿಜಿ ಸ್ವಿಚ್ ಆನ್ ಇದ್ದದ್ದು ಎಲ್ಲರಿಗೂ ಮರೆತೇಹೋಗಿತ್ತು. ಸ್ವಲ್ಪ ಹೊತ್ತಿಗೆ ಮಗಳು ಬಂದು "ಅಮ್ಮಾ, ಓವನ್ ಕೆಂಪಗಿದೆ" ಅಂದಳು. ಹಿಟ್ಟು ಒಂದು ಚೂರೂ ಉಳಿದಿರಲಿಲ್ಲ. ಚೀಸ್ ಇತ್ತು, ಬೆಳಗಿನ ಬ್ರೆಡ್ ಇತ್ತು. ಬಂದವರು ಅದನ್ನೂ ಮಾಡಿಸಿಕೊಂಡು ತಿಂದೇ ಹೋದರು.